ಸೀಗಡಿ ತೊಟ್ಟಿಯಲ್ಲಿ ಸಾವು: ಕಾರಣ ಹುಡುಕುವ ಕ್ರಮ

20-30 ಲೀಟರಿನ ಗಿಡದ ತೊಟ್ಟಿಯಲ್ಲಿ ಸಾಕಿದ ಚೆರ್ರಿ ಸೀಗಡಿಗಳು ಸಾಯತೊಡಗಿದಾಗ ಬಹುತೇಕರು ಮೊದಲು ಮಾಡುವ ಕೆಲಸ ಅರ್ಧ ತೊಟ್ಟಿಯ ನೀರನ್ನು ಚೆಲ್ಲಿ ಹೊಸ ನೀರು ತುಂಬುವುದು. ಮೀನಿನ ತೊಟ್ಟಿಯಲ್ಲಿ ಈ ಆತುರ ಎಷ್ಟೋ ಸಲ ಉಪಕಾರವನ್ನೇ ಮಾಡುತ್ತದೆ. ಸೀಗಡಿಯ ತೊಟ್ಟಿಯಲ್ಲಿ ಮಾತ್ರ ಅದು ಎರಡನೆಯ ಸುತ್ತಿನ ಸಾವಿಗೆ ದಾರಿ ಮಾಡಿಕೊಡುವುದೇ ಹೆಚ್ಚು. ಅಮೋನಿಯಾ ಏರಿರುವುದು ಅಥವಾ ವಿಷ ಬಿದ್ದಿರುವುದು ಸ್ಪಷ್ಟವಾಗಿ ತಿಳಿದಿದ್ದರೆ ಬೇರೆ ಮಾತು, ಇಲ್ಲವಾದರೆ ಮೊದಲ ದಿನ ನೀರಿಗೆ ಕೈ ಹಾಕದೆ, ಯಾವುದು ಸತ್ತಿತು ಮತ್ತು ಯಾವಾಗ ಸತ್ತಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ನೀರು ಪರೀಕ್ಷಿಸುವ ಕಿಟ್ಟುಗಳ ಅಂಕಿಗಳಿಗಿಂತ ಸಾವಿನ ವೇಳಾಪಟ್ಟಿಯೇ ಕಾರಣದ ಹತ್ತಿರಕ್ಕೆ ಬೇಗ ಕರೆದೊಯ್ಯುತ್ತದೆ ಎಂಬುದು ನನ್ನ ಅನುಭವ, ಆದ್ದರಿಂದ ಈ ಬರಹವನ್ನು ಆ ಕ್ರಮದಲ್ಲಿಯೇ ಜೋಡಿಸಿದ್ದೇನೆ.

ಇಲ್ಲಿ ಹೇಳುವುದೆಲ್ಲ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಸಿಗುವ ನಿಯೋಕಾರಿಡಿನಾ ಡೇವಿಡಿ ಎಂಬ ಜಾತಿಗೆ ಅನ್ವಯಿಸುತ್ತದೆ. ಕ್ರಿಸ್ಟಲ್ ರೆಡ್ ಮುಂತಾದ ಕಾರಿಡಿನಾ ಗುಂಪಿನ ಸೀಗಡಿಗಳು ಹೆಚ್ಚು ಮೃದುವಾದ, ತುಸು ಆಮ್ಲೀಯವಾದ ನೀರನ್ನು ಬೇಡುವುದರಿಂದ ಅವುಗಳ ಲೆಕ್ಕವೇ ಬೇರೆ. ಚೆರ್ರಿ ಸೀಗಡಿಗೆ ಉಷ್ಣತೆ 20ರಿಂದ 26 ಡಿಗ್ರಿ ಸೆಲ್ಸಿಯಸ್, ಪಿಎಚ್ 6.5ರಿಂದ 8, ಜಿಎಚ್ 6ರಿಂದ 10 ಡಿಗ್ರಿ, ಕೆಎಚ್ 2ರಿಂದ 6 ಡಿಗ್ರಿ, ಟಿಡಿಎಸ್ 150ರಿಂದ 300 ಪಿಪಿಎಂ ಇದ್ದರೆ ಸಾಕು. ಜಿಎಚ್ ಎಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಗಡಸುತನ, ಕೆಎಚ್ ಎಂದರೆ ಬೈಕಾರ್ಬೊನೇಟ್‌ನ ಅಳತೆ, ಟಿಡಿಎಸ್ ಎಂದರೆ ಕರಗಿದ ಲವಣಗಳ ಒಟ್ಟು ಪ್ರಮಾಣ. ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ಮತ್ತು ನೈಟ್ರೈಟ್ ಮಾತ್ರ ಶೂನ್ಯವೇ ಆಗಿರಬೇಕು. ಈ ವ್ಯಾಪ್ತಿಯೊಳಗೆ ನೀರು ಎಲ್ಲಿ ನಿಂತರೂ ಸೀಗಡಿ ಹೊಂದಿಕೊಳ್ಳುತ್ತದೆ, ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ದಿನದಲ್ಲಿ ಜಿಗಿದರೆ ಹೊಂದಿಕೊಳ್ಳುವುದಿಲ್ಲ.

ಹೆಣವೋ, ಪೊರೆಯೋ

ತನಿಖೆ ಆರಂಭಿಸುವ ಮುನ್ನ ಸತ್ತಿರುವುದು ನಿಜವೇ ಎಂದು ನೋಡಬೇಕು. ಸೀಗಡಿ ಬೆಳೆಯುವುದು ಪೊರೆ ಕಳಚಿಯೇ. ಮರಿಗಳು ವಾರಕ್ಕೊಮ್ಮೆ ಅಥವಾ ಅದಕ್ಕೂ ಬೇಗ, ಬಲಿತವು ಸುಮಾರು ತಿಂಗಳಿಗೊಮ್ಮೆ ಹಳೆಯ ಚಿಪ್ಪನ್ನು ಬಿಟ್ಟು ಹೊರಬರುತ್ತವೆ. ಬಿಟ್ಟ ಚಿಪ್ಪು ಕಣ್ಣು, ಮೀಸೆ, ಕಾಲುಗಳ ಸಮೇತ ಇಡೀ ಸೀಗಡಿಯಂತೆಯೇ ಕಾಣುವುದರಿಂದ ಹೊಸಬರು ಅದನ್ನು ಹೆಣವೆಂದು ತಿಳಿದು ಗಾಬರಿಯಾಗುತ್ತಾರೆ. ಪೊರೆ ಗಾಜಿನಂತೆ ಪಾರದರ್ಶಕವಾಗಿ, ಒಳಗೆ ಟೊಳ್ಳಾಗಿ, ಫಿಲ್ಟರಿನ ಅಲೆಗೆ ಹಗುರವಾಗಿ ತೇಲಾಡುತ್ತದೆ. ಹೆಣವಾದರೋ ಬೇಯಿಸಿದ ಸೀಗಡಿಯಂತೆ ಗುಲಾಬಿ ಅಥವಾ ಹಾಲುಬಣ್ಣಕ್ಕೆ ತಿರುಗಿ ಮಂಕಾಗಿರುತ್ತದೆ. ಪೊರೆಯನ್ನು ತೊಟ್ಟಿಯಲ್ಲೇ ಬಿಡಬಹುದು, ಉಳಿದ ಸೀಗಡಿಗಳು ಅದನ್ನು ಮೇಯುತ್ತವೆ. ಹೆಣವನ್ನು ಕೂಡಲೇ ತೆಗೆದು, ಎಸೆಯುವ ಮುನ್ನ ಬಿಳಿ ತಟ್ಟೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ತಲೆ ಮತ್ತು ಎದೆಯನ್ನು ಮುಚ್ಚುವ ದೊಡ್ಡ ಚಿಪ್ಪು ಮುಗಿದು ಹೊಟ್ಟೆಯ ಭಾಗ ಆರಂಭವಾಗುವ ಕಡೆ ಬೆನ್ನಿನ ಮೇಲೆ ಬಿಳಿಯ ಉಂಗುರವೊಂದು ಸುತ್ತಿದ್ದರೆ, ಆ ಸೀಗಡಿ ಪೊರೆ ಕಳಚುತ್ತಿರುವಾಗಲೇ ಸತ್ತಿದೆ ಎಂದರ್ಥ. ಅಂಥ ಒಂದು ಹೆಣ ಸಿಕ್ಕರೂ ಕೆಳಗಿನ ಉಳಿದ ಭಾಗಗಳನ್ನು ಬಿಟ್ಟು ನೇರವಾಗಿ ಬಿಳಿ ಉಂಗುರದ ಭಾಗಕ್ಕೆ ಹೋಗಬಹುದು.

ಗಂಟೆಗಳ ಒಳಗೆ ಎಲ್ಲವೂ ಸತ್ತರೆ

ಸಂಜೆ ಚೆನ್ನಾಗಿದ್ದ ಸೀಗಡಿಗಳು ಬೆಳಿಗ್ಗೆಯ ಹೊತ್ತಿಗೆ ಸಾಲಾಗಿ ಸತ್ತಿದ್ದರೆ, ಅಥವಾ ಕಣ್ಣೆದುರಿಗೇ ಹುಚ್ಚುಹುಚ್ಚಾಗಿ ಈಜಿ, ಬೆನ್ನಡಿಯಾಗಿ ಬಿದ್ದು ಕಾಲು ಬಡಿಯುತ್ತಿದ್ದರೆ ಅದು ವಿಷದ ಲಕ್ಷಣ. ನಮ್ಮ ಮನೆಗಳಲ್ಲಿ ಮೊದಲ ಶಂಕಿತ ಸೊಳ್ಳೆಯ ಔಷಧಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್‌ಗಳಲ್ಲಿ ಇರುವ ಟ್ರಾನ್ಸ್‌ಫ್ಲೂಥ್ರಿನ್ ಪೈರೆಥ್ರಾಯ್ಡ್ ವರ್ಗದ್ದು, ಮತ್ತು ಆ ವರ್ಗದ ಎಲ್ಲ ಕೀಟನಾಶಕಗಳೂ ಸೊಳ್ಳೆಯ ದೂರದ ಬಂಧುಗಳಾದ ಸೀಗಡಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಏರ್ ಪಂಪು ಕೋಣೆಯ ಗಾಳಿಯನ್ನು ಎಳೆದು ನೇರವಾಗಿ ನೀರಿಗೆ ಬಿಡುವ ಯಂತ್ರ ಎಂಬುದನ್ನು ನೆನಪಿಟ್ಟರೆ, ಅದೇ ಕೋಣೆಯಲ್ಲಿ ಕಾಯಿಲ್ ಹಚ್ಚುವುದರ, ಜಿರಳೆಗೆ ಸ್ಪ್ರೇ ಹೊಡೆಯುವುದರ ಪರಿಣಾಮ ಏನೆಂದು ವಿವರಿಸಬೇಕಾಗಿಲ್ಲ. ಬೀದಿಯಲ್ಲಿ ಸೊಳ್ಳೆಯ ಹೊಗೆ ಬಿಡುವ ಸದ್ದು ಕೇಳಿದೊಡನೆ ಕಿಟಕಿ ಮುಚ್ಚಿ, ಪಂಪನ್ನು ಅರ್ಧ ಗಂಟೆ ನಿಲ್ಲಿಸಿ, ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಎಳೆಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ನಾಯಿಯ ಮೈಯ ಉಣ್ಣಿಗೆ ಔಷಧಿ ಹಚ್ಚಿದ ಕೈ, ತೊಳೆಯದ ಪಾಲಕ್ ಎಲೆ, ರಸ್ತೆ ಬದಿಯ ಕಾಡುಬಾದಾಮಿ ಮರದ ಕೆಳಗೆ ಆರಿಸಿದ ಒಣ ಎಲೆ, ಕೀಟನಾಶಕ ಹೊಡೆದ ನರ್ಸರಿಯಿಂದ ಬಂದ ನೀರುಗಿಡ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಹೊಸ ಗಿಡವನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿ, ದಿನವೂ ನೀರು ಬದಲಿಸುತ್ತ ಇಟ್ಟು ಆಮೇಲೆ ನೆಡುವುದು ಕ್ಷೇಮ.

ಎರಡನೆಯ ಶಂಕಿತ ತಾಮ್ರ. ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ಹೀಮೊಸಯನಿನ್‌ನಲ್ಲಿ ತಾಮ್ರವೇ ಇದ್ದರೂ, ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ವಿಷ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಮಾರುವ ಹಲವು ಔಷಧಿಗಳಲ್ಲಿ ತಾಮ್ರದ ಸಲ್ಫೇಟ್ ಇರುತ್ತದೆ, ಆದ್ದರಿಂದ ಅವನ್ನು ಸೀಗಡಿ ಇರುವ ತೊಟ್ಟಿಗೆ ಹಾಕಲೇಬಾರದು. ಕುಡಿಯಲು ಒಳ್ಳೆಯದೆಂದು ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಸೀಗಡಿಗೂ ಒಳ್ಳೆಯದೆಂದು ಸುರಿದವರನ್ನು ನಾನು ಬಲ್ಲೆ. ಅಂಥ ನೀರೂ ಬೇಡ, ಹಂಡೆಯ ಅಥವಾ ಗೀಸರಿನ ನೀರೂ ಬೇಡ. ಗಿಡದ ದ್ರವಗೊಬ್ಬರದಲ್ಲಿ ಇರುವ ತಾಮ್ರದ ಅಂಶ ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಹಾಕಿದರೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ವಿಷದ ಅನುಮಾನ ಬಲವಾಗಿದ್ದರೆ ಬದುಕಿರುವವನ್ನು ಬೇರೆ ಪಾತ್ರೆಗೆ ಸಾಗಿಸಿ, ತೊಟ್ಟಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಹಲವು ದಿನ ಸ್ವಲ್ಪಸ್ವಲ್ಪವಾಗಿ ನೀರು ಬದಲಿಸಬೇಕು. ಇದೊಂದೇ ಸಂದರ್ಭದಲ್ಲಿ ಆತುರ ಕ್ಷಮ್ಯ.

ಬಿಳಿ ಉಂಗುರ: ಎರಡು ಮೂರು ದಿನಕ್ಕೊಂದು ಸಾವು

ಇಡೀ ತೊಟ್ಟಿ ಆರೋಗ್ಯವಾಗಿಯೇ ಕಾಣುತ್ತಿದ್ದು, ಎರಡು ಮೂರು ದಿನಕ್ಕೊಮ್ಮೆ ಒಂದೊಂದೇ ಸೀಗಡಿ, ಅದರಲ್ಲೂ ದೊಡ್ಡ ಹೆಣ್ಣುಗಳು ಸಾಯುತ್ತಿದ್ದರೆ ಪೊರೆಯ ತೊಂದರೆಯನ್ನು ಊಹಿಸಬೇಕು. ವಿಷವಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತಿತ್ತು. ಪೊರೆಯ ತೊಂದರೆ ಮಾತ್ರ ಪ್ರತಿಯೊಂದು ಸೀಗಡಿಯನ್ನೂ ಅದರ ಸರದಿ ಬಂದಾಗ ಹಿಡಿಯುತ್ತದೆ. ಪೊರೆ ಸರಿಯಾಗಿ ಕಳಚಬೇಕಾದರೆ ದೊಡ್ಡ ಚಿಪ್ಪಿನ ಹಿಂಬದಿಯಲ್ಲಿ ಬೆನ್ನಿನ ಮೇಲೆ ಸೀಳು ಬಿಟ್ಟು, ಸೀಗಡಿ ಬಾಲವನ್ನೊಮ್ಮೆ ಒದೆದು ಕ್ಷಣದಲ್ಲಿ ಹೊರಬರಬೇಕು. ಹೊಸ ಚಿಪ್ಪು ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂನ ಬಹುಭಾಗ ನೀರಿನಿಂದಲೇ ಬರಬೇಕು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತೀರ ಕಡಿಮೆಯಾದರೆ ಅಥವಾ ಥಟ್ಟನೆ ಬದಲಾದರೆ ಸೀಳು ಅರ್ಧಕ್ಕೇ ನಿಂತು ಬೆನ್ನನ್ನು ಸುತ್ತುವರಿಯುತ್ತದೆ, ಪ್ರಾಣಿ ಹಳೆಯ ಚಿಪ್ಪಿನೊಳಗೇ ಸಿಕ್ಕಿಕೊಂಡು ಸಾಯುತ್ತದೆ.

ಇದಕ್ಕೆ ಉತ್ತರವಾಗಿ ‘ಜಿಎಚ್ ನೋಡಿ’ ಎನ್ನುವುದು ಸುಲಭ. ನಾನೂ ನೋಡಿದ್ದೇನೆ ಎಂದುಕೊಂಡಿದ್ದೆ, ಆದರೆ ನೋಡಿದ್ದು ಟಿಡಿಎಸ್ ಅನ್ನು. ಆ ತಪ್ಪಿನ ವಿವರ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೀಗಡಿ ಸಾಕುವವರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇನೆ.

ನಮ್ಮ 30 ಲೀಟರಿನ ತೊಟ್ಟಿಯನ್ನು ಕಾವೇರಿ ನೀರಿನಲ್ಲಿ ಕಟ್ಟಿದ್ದು. ಟಿಡಿಎಸ್ 220ರ ಆಸುಪಾಸು, ಜಿಎಚ್ 7. ಎರಡು ವರ್ಷ ಯಾವ ದೂರೂ ಇರಲಿಲ್ಲ. 2024ರ ಬೇಸಿಗೆಯಲ್ಲಿ ನಗರದ ತುಂಬ ನೀರಿಗೆ ಹಾಹಾಕಾರವಾದಾಗ ನಮ್ಮ ಕಟ್ಟಡಕ್ಕೂ ಕಾವೇರಿ ನೀರು ಕಡಿಮೆಯಾಗಿ, ಸಂಪಿಗೆ ಬೋರ್‌ವೆಲ್ ನೀರು ಬರತೊಡಗಿತು. ವಾರದ ನೀರು ಬದಲಾವಣೆಯನ್ನು ಎಂದಿನಂತೆ ಮುಂದುವರಿಸಿದೆ. ಮೂರನೆಯ ವಾರದಿಂದ ಹೆಣ್ಣು ಸೀಗಡಿಗಳು ಒಂದೊಂದಾಗಿ ಸಾಯತೊಡಗಿದವು, ಎಲ್ಲದರ ಬೆನ್ನಿನ ಮೇಲೂ ಬಿಳಿ ಉಂಗುರ. ಟಿಡಿಎಸ್ ಮೀಟರ್ ಅದ್ದಿದರೆ 450. ಬೋರ್‌ವೆಲ್ ನೀರು ಗಡಸು ಎಂಬುದು ಮಕ್ಕಳಿಗೂ ಗೊತ್ತು, ಆದ್ದರಿಂದ ಗಡಸುತನ ಹೆಚ್ಚಾಗಿಯೇ ಪೊರೆ ಬಿರುಸಾಗಿದೆ ಎಂದು ತೀರ್ಮಾನಿಸಿ, ಅಡುಗೆಮನೆಯ ಆರ್‌ಒ ನೀರನ್ನು ಬೆರೆಸಿ ಟಿಡಿಎಸ್ ಇಳಿಸುತ್ತ ಹೋದೆ. ಮೀಟರಿನ ಅಂಕಿ ಇಳಿದಂತೆ ಸಾವು ಏರಿತು.

ಕೊನೆಗೆ ಹನಿ ಹಾಕಿ ನೋಡುವ ಜಿಎಚ್ ಕಿಟ್ ತಂದೆ. ಅದರಲ್ಲಿ ಒಂದು ಹನಿಗೆ ಒಂದು ಡಿಗ್ರಿ. ಬಣ್ಣ ಕಿತ್ತಳೆಯಿಂದ ಹಸಿರಿಗೆ ತಿರುಗುವವರೆಗೆ ಹನಿ ಎಣಿಸಬೇಕು. ತೊಟ್ಟಿಯ ನೀರು ಎರಡನೆಯ ಹನಿಗೇ ಹಸಿರಾಯಿತು. ನಲ್ಲಿಯ ನೀರು ಮೊದಲ ಹನಿಗೇ. ಆದರೆ ಕೆಎಚ್ ಮಾತ್ರ 14.

ಈ ವಿಚಿತ್ರ ಜೋಡಿಯ ಗುಟ್ಟು ಕಟ್ಟಡದ ಸಾಫ್ಟನರ್‌ನಲ್ಲಿತ್ತು. ಈ ಯಂತ್ರ ಗಡಸು ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ರಾಳದ ಮಣಿಗಳಿಗೆ ಅಂಟಿಸಿಕೊಂಡು, ಅವುಗಳ ಬದಲಿಗೆ ಸೋಡಿಯಂ ಅನ್ನು ಬಿಟ್ಟುಕೊಡುತ್ತದೆ. ಕರಗಿದ ಲವಣಗಳ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದರಿಂದ ಟಿಡಿಎಸ್ ಮೀಟರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಅದು ವಿದ್ಯುತ್ ಹರಿಯುವುದನ್ನು ಅಳೆಯುತ್ತದೆಯೇ ಹೊರತು ಹರಿಸುತ್ತಿರುವುದು ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಎಂದು ಕೇಳುವುದಿಲ್ಲ. ಬೈಕಾರ್ಬೊನೇಟ್ ಕೂಡ ಹಾಗೆಯೇ ಉಳಿಯುವುದರಿಂದ ಕೆಎಚ್ ಮತ್ತು ಪಿಎಚ್ ಎತ್ತರದಲ್ಲೇ ಇರುತ್ತವೆ. ಕೆಎಚ್ ತುಂಬ ಹೆಚ್ಚು, ಜಿಎಚ್ ಹೆಚ್ಚುಕಡಿಮೆ ಶೂನ್ಯ ಎಂಬ ಫಲಿತಾಂಶ ಬಂದರೆ ಸಾಫ್ಟನರ್ ಬಗ್ಗೆ ವಿಚಾರಿಸಲೇಬೇಕು. ಕಿಟ್ಟಿಲ್ಲದವರಿಗೂ ಸುಳಿವುಗಳಿವೆ: ಪಂಪಿನ ಕೋಣೆಯ ಪಕ್ಕದಲ್ಲಿ ಉಪ್ಪಿನ ಮೂಟೆಗಳು ಪೇರಿಸಿರುತ್ತವೆ, ಸ್ನಾನದಲ್ಲಿ ಸೋಪು ಎಷ್ಟು ತೊಳೆದರೂ ಮೈ ಜಾರಿದಂತೆ ಅನ್ನಿಸುತ್ತದೆ, ಮತ್ತು ಬೋರ್‌ವೆಲ್ ನೀರಿನಲ್ಲಿ ಬೇಯಲು ಹಟ ಮಾಡುತ್ತಿದ್ದ ತೊಗರಿಬೇಳೆ ತಂಟೆಯಿಲ್ಲದೆ ಬೇಯುತ್ತದೆ. ಬೇಳೆಯ ವಿಷಯ ಮನೆಯಲ್ಲಿ ಮೊದಲೇ ಪ್ರಸ್ತಾಪವಾಗಿತ್ತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಪರಿಹಾರ ಕಟ್ಟಡದ ತೋಟದಲ್ಲೇ ಸಿಕ್ಕಿತು. ತೋಟದ ನಲ್ಲಿಗೆ ಸಾಫ್ಟನರ್ ಜೋಡಿಸಿರಲಿಲ್ಲ. ಅಲ್ಲಿಯ ಹಸಿ ಬೋರ್‌ವೆಲ್ ನೀರಿನ ಜಿಎಚ್ 26, ಟಿಡಿಎಸ್ 800. ಅದರ ಒಂದು ಪಾಲಿಗೆ ಮೂರು ಪಾಲು ಆರ್‌ಒ ನೀರು ಸೇರಿಸಿದರೆ ಜಿಎಚ್ ಆರೂವರೆಯ ಹತ್ತಿರ, ಕೆಎಚ್ ಮೂರೂವರೆಯ ಹತ್ತಿರ ಬರುತ್ತದೆ. ಅಂದರೆ ಕೊಳ್ಳಬೇಕಾದ ಲವಣದ ಪುಡಿಯ ಕೆಲಸವನ್ನು ನೆಲದ ನೀರೇ ಮಾಡುತ್ತದೆ. ಮನೆಯ ಆರ್‌ಒ ಯಂತ್ರದಲ್ಲಿ ಹಸಿ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ತಿರುಪು ಇದ್ದರೆ ಅದರಿಂದ ಬರುವ ನೀರನ್ನೂ ಅಳೆದು ಲೆಕ್ಕ ಮಾಡಬೇಕು. ಹಸಿ ನೀರು ಸಿಗದವರು ಆರ್‌ಒ ನೀರಿಗೆ ಸೀಗಡಿಗಾಗಿಯೇ ಮಾರುವ ಜಿಎಚ್-ಕೆಎಚ್ ಲವಣವನ್ನು ಬೆರೆಸಬಹುದು. ಕೆಎಚ್ ಮುಟ್ಟದೆ ಜಿಎಚ್ ಮಾತ್ರ ಏರಿಸಬೇಕಾದರೆ 20 ಲೀಟರಿಗೆ ಸುಮಾರು 0.6 ಗ್ರಾಂ ಶುದ್ಧ ಜಿಪ್ಸಂ ಒಂದು ಡಿಗ್ರಿ ಏರಿಸುತ್ತದೆ. ಮೆಗ್ನೀಸಿಯಂಗಾಗಿ ಎಪ್ಸಂ ಉಪ್ಪಾದರೆ ಅದೇ ಒಂದು ಡಿಗ್ರಿಗೆ ಸುಮಾರು 0.9 ಗ್ರಾಂ. ಮೂರು ಡಿಗ್ರಿ ಜಿಪ್ಸಂನಿಂದ, ಒಂದು ಡಿಗ್ರಿ ಎಪ್ಸಂನಿಂದ ಎಂಬ ಪ್ರಮಾಣ ಸಮಂಜಸ. ಗಿಳಿಗಳಿಗೆಂದು ಮಾರುವ ಕಟಲ್‌ಬೋನ್, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಎಲುಬಿನ ತುಂಡನ್ನು ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ, ಆದರೆ ಪಿಎಚ್ 7.5 ದಾಟಿದ ನೀರಿನಲ್ಲಿ ಅದು ಕರಗುವುದೇ ಇಲ್ಲವೆನ್ನುವಷ್ಟು ನಿಧಾನ.

ಏರಿಸುವಾಗಲೂ ಅವಸರ ಸಲ್ಲದು. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರದಂತೆ, ತೊಟ್ಟಿಯ ಶೇ. 10ರಷ್ಟು ನೀರನ್ನು ತೆಗೆದು ಹೊಸ ಮಿಶ್ರಣವನ್ನು ಏರ್ ಪೈಪಿಗೆ ಗಂಟು ಹಾಕಿ ಹನಿಹನಿಯಾಗಿ ಇಳಿಸಿದೆ. ಆಗಲೇ ಪೊರೆ ಬಿಡುವ ಹಂತಕ್ಕೆ ಬಂದಿದ್ದ ಇನ್ನೂ ಮೂರು ಹೆಣ್ಣುಗಳು ಈ ನಡುವೆ ಸತ್ತವು. ಸರಿಯಾದ ದಾರಿ ಹಿಡಿದ ಮೇಲೂ ಹತ್ತು ಹದಿನೈದು ದಿನ ಸಾವು ಮುಂದುವರಿಯಬಹುದು, ಅದನ್ನು ಕಂಡು ಮತ್ತೆ ಹೊಸ ಪ್ರಯೋಗಕ್ಕೆ ಇಳಿಯಬಾರದು.

ನೀರು ಬದಲಿಸಿದ ಮರುದಿನ

ಸಾವುಗಳೆಲ್ಲ ನೀರು ಬದಲಿಸಿದ ಒಂದೆರಡು ದಿನಗಳೊಳಗೆ ಬೀಳುತ್ತಿದ್ದರೆ ದೋಷ ಹೊಸ ನೀರಿನದ್ದು ಅಥವಾ ಅದರ ಪ್ರಮಾಣದ್ದು. ಸಂಪು, ಮೇಲಿನ ಟ್ಯಾಂಕು ಎರಡನ್ನೂ ದಾಟಿ ಬರುವ ನೀರಿನಲ್ಲಿ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗಿರುತ್ತದೆ, ಆದರೆ ಟ್ಯಾಂಕು ತೊಳೆದ ದಿನ ಅಥವಾ ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಈ ನಂಬಿಕೆ ಕೈಕೊಡುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಸೋಡಿಯಂ ಥಯೋಸಲ್ಫೇಟ್‌ನ ಹನಿಗಳು ಕ್ಷಣದಲ್ಲೇ ಕಳೆಯುತ್ತವೆ. ಕ್ಲೋರಿನ್, ಅಮೋನಿಯಾ ಸೇರಿದ ಕ್ಲೋರಮೀನ್ ಇದ್ದರೆ ಮಾತ್ರ ಥಯೋಸಲ್ಫೇಟ್ ಅದನ್ನು ಒಡೆದಾಗ ಅಮೋನಿಯಾ ಹೊರಬೀಳುವುದರಿಂದ, ಅಮೋನಿಯಾವನ್ನೂ ಹಿಡಿದಿಡುವ ಕಂಡೀಷನರ್ ಬೇಕು. ಇನ್ನು ಪ್ರಮಾಣ: ವಾರಕ್ಕೆ ಶೇ. 10ರಿಂದ 15 ಸಾಕು. ಅಂಗಡಿಯಿಂದ ತಂದ ಹೊಸ ಸೀಗಡಿಗಳು ಮೂರು ದಿನದೊಳಗೆ ಸತ್ತರೂ ಕಾರಣ ಇದೇ ಜಾತಿಯದ್ದು, ಎರಡು ನೀರುಗಳ ನಡುವಿನ ಅಂತರ. ತಂದ ಪಾತ್ರೆಗೆ ತೊಟ್ಟಿಯ ನೀರನ್ನು ಎರಡು ಗಂಟೆ ಹನಿಹನಿಯಾಗಿ ಸೇರಿಸಿ ಆಮೇಲೆ ಬಿಟ್ಟರೆ ಅದರಲ್ಲಿ ಹೆಚ್ಚಿನದನ್ನು ತಪ್ಪಿಸಬಹುದು.

ನೀರು ಬದಲಿಸಿದ ಮೇಲೆ ಕೆಲವು ಸೀಗಡಿಗಳು ತೊಟ್ಟಿಯ ತುಂಬ ಗಿರಗಿರನೆ ಈಜುವುದನ್ನು ಕಂಡು ಹೆದರಬಾರದು. ಆಗಷ್ಟೇ ಪೊರೆ ಬಿಟ್ಟ ಹೆಣ್ಣನ್ನು ಹುಡುಕುತ್ತಿರುವ ಗಂಡುಗಳು ಅವು. ವಿಷ ತಗುಲಿದವು ಈಜುತ್ತ ಉರುಳಿ ಬೀಳುತ್ತವೆ, ಇವು ಬೀಳುವುದಿಲ್ಲ.

ಎಚ್ಚರ ಬೇಕಾದ ಇನ್ನೊಂದು ಕಡೆ, ಆವಿ. ಕಲಬುರಗಿ, ರಾಯಚೂರಿನಂಥ ಊರುಗಳ ಬೇಸಿಗೆಯಲ್ಲಿ ತೊಟ್ಟಿಯ ಮೇಲೆ ಸಣ್ಣ ಫ್ಯಾನು ಹಾಕಿ ಎರಡು ಮೂರು ಡಿಗ್ರಿ ಇಳಿಸುವುದು ಅನಿವಾರ್ಯ, ಏಕೆಂದರೆ 30 ಡಿಗ್ರಿ ದಾಟಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಸೀಗಡಿ ಸೊರಗುತ್ತದೆ. ಆದರೆ ಆವಿಯಾಗುವುದು ಬರಿಯ ನೀರು, ಲವಣ ಹಿಂದೆಯೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ನಲ್ಲಿಯ ನೀರಿನಿಂದ ತುಂಬುತ್ತ ಹೋದರೆ ತಿಂಗಳೆರಡರಲ್ಲಿ ತೊಟ್ಟಿ ಸದ್ದಿಲ್ಲದೆ ಗಡಸಾಗುತ್ತದೆ. ಆವಿಯಾದ ಜಾಗಕ್ಕೆ ಆರ್‌ಒ ನೀರು, ತೆಗೆದ ಜಾಗಕ್ಕೆ ಮಿಶ್ರಣದ ನೀರು.

ಹೊಸ ತೊಟ್ಟಿ, ಮತ್ತು ಬೆಳಗಿನ ಜಾವದ ಸಾವು

ತೊಟ್ಟಿಗೆ ಎರಡು ತಿಂಗಳೂ ತುಂಬಿಲ್ಲವಾದರೆ ಮೊದಲು ಅಮೋನಿಯಾ, ನೈಟ್ರೈಟ್ ಪರೀಕ್ಷಿಸಬೇಕು. ತ್ಯಾಜ್ಯವನ್ನು ನೈಟ್ರೇಟ್‌ವರೆಗೆ ಒಯ್ಯುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು, ಗಿಡಕ್ಕೆಂದು ತಳಕ್ಕೆ ಹಾಕುವ ಅಕ್ವಾಸಾಯಿಲ್ ಎಂಬ ಸತ್ವದ ಮಣ್ಣು ಮೊದಲ ವಾರಗಳಲ್ಲಿ ತಾನೇ ಅಮೋನಿಯಾ ಬಿಡುತ್ತದೆ. ಒಂದೇ ಅಂಕಿ ಎಲ್ಲ ತೊಟ್ಟಿಗೂ ಒಂದೇ ಅಪಾಯವಲ್ಲ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 0.6ರಷ್ಟು, ಪಿಎಚ್ 8 ಆದರೆ ಶೇ. 5ಕ್ಕೂ ಹೆಚ್ಚು.

ಹಳೆಯ ತೊಟ್ಟಿಯಲ್ಲಿ ಬೆಳಗಿನ ಜಾವಕ್ಕೇ ಸಾವು ಕಾಣುತ್ತಿದ್ದರೆ, ಸೀಗಡಿಗಳು ನೀರಿನ ಮೇಲ್ಮೈಗೆ ಅಥವಾ ಫಿಲ್ಟರಿನ ಬಾಯಿಗೆ ಗುಂಪುಗೂಡಿದ್ದರೆ, ಉಸಿರಿನ ತೊಂದರೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಗಿಡಗಳೇ ರಾತ್ರಿ ಅದನ್ನು ಬಳಸುತ್ತವೆ. ಗಿಡಗಳಿಗೆಂದು ಬಿಡುವ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ದೀಪ ಆರಿದ ಮೇಲೂ ಹರಿಯುತ್ತಿದ್ದರೆ ಪರಿಸ್ಥಿತಿ ಕೆಡುತ್ತದೆ. ಅನಿಲವನ್ನು ದೀಪದ ಟೈಮರಿಗೇ ಜೋಡಿಸಿ, ರಾತ್ರಿ ಸ್ಪಾಂಜ್ ಫಿಲ್ಟರ್ ಓಡಿಸಿದರೆ ಮುಗಿಯಿತು. ಸೀಗಡಿಯೇ ಮುಖ್ಯವಾದ ಸಣ್ಣ ತೊಟ್ಟಿಗೆ ಜಾವಾ ಮಾಸ್, ಅನುಬಿಯಾಸ್ ಸಾಕು, ಸಿಲಿಂಡರಿನ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ದೊಡ್ಡವು ಕ್ಷೇಮ, ಮರಿಗಳು ಕಾಣೆ

ಎರಡು ಮಿಲಿಮೀಟರಿನ ಮರಿಗಳು ಫಿಲ್ಟರಿನೊಳಗೆ ಎಳೆದುಹೋಗುವುದು ಅತಿ ಸಾಮಾನ್ಯ ಕಾರಣ, ಬಾಯಿಗೆ ಸ್ಪಾಂಜ್ ತೊಡಿಸಿದರೆ ನಿಲ್ಲುತ್ತದೆ. ಅದೂ ಅಲ್ಲವೆಂದಾದರೆ ದೀಪ ಆರಿದ ಒಂದು ಗಂಟೆಯ ಮೇಲೆ ಟಾರ್ಚ್ ಹಿಡಿದು ಕೂರಬೇಕು. ಕೆರೆ, ಹೊಂಡದ ಗಿಡಗಳ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬಂದಿರುವುದು ಅಪರೂಪವೇನಲ್ಲ. ಒಂದೇ ಹುಳು ಕೆಲವು ವಾರಗಳಲ್ಲಿ ತೊಟ್ಟಿಯನ್ನು ಬರಿದು ಮಾಡಬಲ್ಲದು. ಗಾಜಿನ ಮೇಲೆ ಬಾಣದ ತುದಿಯಂಥ ತಲೆಯ ಚಪ್ಪಟೆ ಹುಳು ತೆವಳಿದರೆ ಅದು ಪ್ಲನೇರಿಯಾ. ಫೆನ್‌ಬೆಂಡಜೋಲ್‌ಗೆ ಅದು ಸಾಯುತ್ತದೆ, ಆದರೆ ನೆರೈಟ್ ಬಸವನಹುಳುಗಳೂ ಸಾಯುತ್ತವೆ, ಅವನ್ನು ಮೊದಲೇ ಬೇರೆಡೆಗೆ ಸಾಗಿಸಬೇಕು. ‘ಗ್ಲಾಸ್ ಸೀಗಡಿ’ ಎಂದು ಮಾರಿದ್ದರಲ್ಲಿ ಉದ್ದ ಇಕ್ಕಳದ, ಬೇಟೆಯಾಡುವ ಮ್ಯಾಕ್ರೊಬ್ರಾಕಿಯಂ ಸೀಗಡಿಯ ಮರಿ ಸೇರಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ.

ಮೈಮೇಲೆ ಕಾಣುವ ಪರಾವಲಂಬಿಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಮೂಗಿನ ತುದಿಯಲ್ಲಿ ಬಿಳಿ ಎಳೆಗಳು ಕಂಡರೆ, ಒಂದು ಲೋಟ ತೊಟ್ಟಿಯ ನೀರಿಗೆ ಒಂದು ದೊಡ್ಡ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ ಅರ್ಧ ನಿಮಿಷ ಅದ್ದಿ ತೆಗೆದರೆ ಉದುರುತ್ತವೆ. ಹೊಟ್ಟೆಯಡಿ ಈಜುಗಾಲುಗಳ ನಡುವೆ ಮೊಟ್ಟೆಯಲ್ಲದ ಹಸಿರು ನಾರು ಬೆಳೆದಿದ್ದರೆ ಆ ಸೀಗಡಿಯನ್ನು ಕೂಡಲೇ ಪ್ರತ್ಯೇಕಿಸಬೇಕು.

ದೋಷ ಸರಿಹೋಯಿತೆಂದು ತಿಳಿಯುವುದು

ಸಾವು ನಿಂತ ಮಾತ್ರಕ್ಕೆ ಹೊಸ ಸೀಗಡಿಗಳನ್ನು ತಂದು ಬಿಡಬಾರದು, ಏಕೆಂದರೆ ದುರ್ಬಲವಾದವೆಲ್ಲ ಮುಗಿದಿದ್ದರಿಂದಲೂ ಸಾವು ನಿಂತಿರಬಹುದು. ನಾನು ಕಾಯುವುದು ಮೂರು ಗುರುತುಗಳಿಗೆ. ಬೆನ್ನಿನ ಮೇಲೆ ಮಾತ್ರ ಸೀಳಿರುವ, ಉಳಿದಂತೆ ಇಡಿಯಾದ ಪೊರೆಗಳು ತಳದಲ್ಲಿ ಸಿಗಬೇಕು. ಮೊಟ್ಟೆ ಹೊತ್ತ ಹೆಣ್ಣು ಅವನ್ನು ನಡುವೆ ಉದುರಿಸದೆ ಮೂರು ನಾಲ್ಕು ವಾರ ಪೂರ್ತಿ ಹೊತ್ತಿರಬೇಕು. ಆ ಮರಿಗಳು ಒಂದು ಸೆಂಟಿಮೀಟರ್ ಮುಟ್ಟಬೇಕು. ಅಷ್ಟು ಬೆಳೆಯುವುದರೊಳಗೆ ಅವು ಹಲವು ಸಲ ಪೊರೆ ಬಿಟ್ಟಿರುತ್ತವೆ. ನಮ್ಮ ತೊಟ್ಟಿಯಲ್ಲಿ ಈ ಮೂರನೆಯ ಗುರುತು ಕಾಣಲು ಆಗಸ್ಟ್ ಬಂತು, ಆ ಹೊತ್ತಿಗೆ ಮಳೆ ಸುರಿದು ನಲ್ಲಿಯಲ್ಲಿ ಮತ್ತೆ ಕಾವೇರಿ ನೀರು ಬರುತ್ತಿತ್ತು. ಆದರೂ ಪ್ರತಿ ಭಾನುವಾರ ಬಕೆಟ್ ತುಂಬುವ ಮುನ್ನ ನಲ್ಲಿಯ ನೀರಿಗೆ ಜಿಎಚ್ ಹನಿ ಹಾಕಿ ಎಣಿಸುತ್ತೇನೆ, ಎರಡನೆಯ ಹನಿಗೇ ಹಸಿರಾದ ದಿನ ಕೆಳಗಿಳಿದು ತೋಟದ ನಲ್ಲಿಯಿಂದ ನೀರು ಹೊತ್ತು ತರುತ್ತೇನೆ.